ಬಿಲ್ಲಿನಲ್ಲಿ ಯಾರ ಹೆಸರಿದೆ?

ಈ ತಿಂಗಳು ಕೊಡಗಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿದ್ದವು. ದೊಡ್ಡ ಕಂಪನಿಯ ಇಂಟರ್‌ನೆಟ್ ಅಥವಾ ಫೋನ್ ಸೇವೆಯನ್ನು ಊರಿನವರೊಬ್ಬರು ಪಡೆದು ಉಳಿದವರಿಗೆ ಮಾರುವ ವ್ಯವಹಾರದ ಬಗ್ಗೆ ಮಾರುವವರೂ ಬರೆದಿದ್ದಾರೆ, ಕೊಂಡವರೂ ಬರೆದಿದ್ದಾರೆ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾಪೋಕ್ಲು ಕಡೆ ಬಹಳ ವರ್ಷಗಳಿಂದ ಕೇಬಲ್ ಟಿವಿ ನಡೆಸುತ್ತಿದ್ದೇನೆ. ಈಗ ಸಂಪರ್ಕಗಳು ಕಡಿಮೆಯಾಗಿವೆ. ಒಂದು ಇಂಟರ್‌ನೆಟ್ ಕಂಪನಿಯವರು ಫ್ರಾಂಚೈಸಿ ಕೊಟ್ಟು ಆದಾಯದಲ್ಲಿ ಅರ್ಧ ಪಾಲು ಕೊಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು, ‘ಬ್ಯಾಂಡ್‌ವಿಡ್ತ್ (ಇಂಟರ್‌ನೆಟ್ ಸಾಗಿಸುವ ಸಾಮರ್ಥ್ಯ) ಸಗಟಾಗಿ ಕೊಡುತ್ತೇವೆ, ನಿಮ್ಮ ಹೆಸರಿನಲ್ಲೇ ಮಾರಿ, ಲಾಭವೆಲ್ಲ ನಿಮ್ಮದೇ’ ಎನ್ನುತ್ತಾರೆ. ಯಾವುದನ್ನು ಒಪ್ಪಲಿ?

ಉತ್ತರ: ಇವೆರಡರ ನಡುವಿನ ವ್ಯತ್ಯಾಸ ಲಾಭದ ಹೆಚ್ಚು ಕಡಿಮೆಯದಷ್ಟೇ ಅಲ್ಲ. ಕಾನೂನಿನ ದೃಷ್ಟಿಯಲ್ಲಿ ಇವು ಎರಡು ಬೇರೆ ಬೇರೆ ವ್ಯವಹಾರಗಳು. ಫ್ರಾಂಚೈಸಿಯಲ್ಲಿ ಪರವಾನಗಿ ಕಂಪನಿಯದು, ಗ್ರಾಹಕ ಕಂಪನಿಯವನು, ಬಿಲ್ಲು ಕಂಪನಿಯ ಹೆಸರಿನದು. ಎಳೆದ ಲೈನಿಗೆ, ಮಾಡಿದ ರಿಪೇರಿಗೆ, ವಸೂಲಿಗೆ ನೀವು ಪಾಲು ಪಡೆಯುತ್ತೀರಿ. ನಿಮ್ಮಂಥವರನ್ನು ನೇಮಿಸಿಕೊಳ್ಳಲು ಪರವಾನಗಿಯ ಷರತ್ತುಗಳಲ್ಲೇ ಅವಕಾಶವಿದೆ, ಮತ್ತು ನೀವು ಮಾಡುವ ಕೆಲಸಕ್ಕೆ ಸರ್ಕಾರದ ಮುಂದೆ ಉತ್ತರ ಕೊಡಬೇಕಾದದ್ದು ಕಂಪನಿಯೇ.

ಎರಡನೆಯ ಪ್ರಸ್ತಾಪದಲ್ಲಿ ಆ ಹೊಣೆಯೆಲ್ಲ ನಿಮ್ಮ ತಲೆಗೆ ಬರುತ್ತದೆ. ಸ್ವಂತ ಹೆಸರಿನಲ್ಲಿ ಇಂಟರ್‌ನೆಟ್ ಮಾರುವವರಿಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಇಂಟರ್‌ನೆಟ್ ಸೇವೆಯ ಪರವಾನಗಿಯಲ್ಲಿ ಮೂರು ದರ್ಜೆಗಳಿವೆ: ‘ಎ’ ಇಡೀ ದೇಶಕ್ಕೆ, ‘ಬಿ’ ಒಂದು ಟೆಲಿಕಾಂ ವೃತ್ತಕ್ಕೆ (ಸುಮಾರಾಗಿ ಒಂದು ರಾಜ್ಯದಷ್ಟು), ‘ಸಿ’ ಸುಮಾರಾಗಿ ಒಂದು ಜಿಲ್ಲೆಯಷ್ಟು ಪ್ರದೇಶಕ್ಕೆ. ಸ್ವಂತ ಜಾಲವಿಲ್ಲದೆ ಇನ್ನೊಬ್ಬರ ಜಾಲದಲ್ಲಿ ಸಾಮರ್ಥ್ಯ ಕೊಂಡು ತಮ್ಮ ಹೆಸರಿನಲ್ಲಿ ಮಾರುವವರಿಗಾಗಿ 2016ರ ಮೇ 31ರಂದು ಇಲಾಖೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಅಂಥವರನ್ನು ವರ್ಚುವಲ್ ನೆಟ್‌ವರ್ಕ್ ಆಪರೇಟರ್, ಅಂದರೆ ವಿಎನ್‌ಒ ಎಂದು ಕರೆಯುತ್ತಾರೆ. ಇವು ಯಾವುದೂ ಇಲ್ಲದೆ ಸೇವೆ ಮಾರುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯ 42ನೆಯ ಸೆಕ್ಷನ್ ಇದಕ್ಕೆ 3 ವರ್ಷದವರೆಗೆ ಜೈಲು, ಅಥವಾ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ನಿಮ್ಮ ಬಳಿ ಬಂದವರು ಪರವಾನಗಿಯ ಮಾತನ್ನೇ ಎತ್ತದೆ ಲಾಭದ ಲೆಕ್ಕ ಮಾತ್ರ ಹೇಳಿದ್ದರೆ, ಅವರೊಂದಿಗೆ ಮಾತು ಅಲ್ಲಿಗೇ ಮುಗಿಸಿ.

ಇನ್ನು ‘ಅರ್ಧ ಪಾಲು’. ಯಾವುದರ ಅರ್ಧ ಎಂದು ಕೇಳಿದ್ದೀರಾ? ತಿಂಗಳಿಗೆ 500 ರೂಪಾಯಿಯ ಪ್ಲಾನ್ ಎಂದಿಟ್ಟುಕೊಳ್ಳೋಣ. ಶೇಕಡ 18 ಜಿಎಸ್‌ಟಿ ಸೇರಿ ಗ್ರಾಹಕ 590 ಕೊಡುತ್ತಾನೆ, ನಿಮ್ಮ ಪಾಲು ಲೆಕ್ಕವಾಗುವುದು ಮಾತ್ರ 500ರ ಮೇಲೆ. ನೂರು ಮನೆಗಳಿದ್ದರೆ ತಿಂಗಳಿಗೆ 25,000 ರೂಪಾಯಿ. ಅದರಲ್ಲಿ ಲೈನ್ ನೋಡುವ ಹುಡುಗರ ಸಂಬಳ, ಕರೆಂಟು ಹೋದಾಗ ಉಪಕರಣಗಳನ್ನು ನಡೆಸುವ ಬ್ಯಾಟರಿ, ಜೀಪಿನ ಡೀಸೆಲ್, ಕಂಬ ಬಳಸಲು ಕಟ್ಟಬೇಕಾದ ಬಾಡಿಗೆ, ತುಂಡಾದ ಕೇಬಲ್ ಎಲ್ಲವೂ ಹೋಗಬೇಕು. ಪೇಟೆಯಲ್ಲಿ ಒಂದು ಬೀದಿಗೆ ಎಳೆದ ಲೈನಿನಲ್ಲಿ ಮೂವತ್ತು ಮನೆ ಸಿಗಬಹುದು. ನಮ್ಮಲ್ಲಿ ಒಂದು ತೋಟದ ಮನೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಧ ಕಿಲೋಮೀಟರ್ ಕೇಬಲ್ ಮುಗಿಯುತ್ತದೆ. ಊರಿನ ಲೆಕ್ಕ ಹಾಕಬೇಕಾದದ್ದು ಮನೆಗಳ ಸಂಖ್ಯೆಯಿಂದಲ್ಲ, ಒಂದು ಮನೆಗೆ ಎಷ್ಟು ಮೀಟರ್ ಕೇಬಲ್ ಎಂಬುದರಿಂದ.

ಕಕ್ಕಡದ ಮಳೆಯಲ್ಲಿ ಮೂರ್ನಾಡು ರಸ್ತೆಯ ಬದಿಯಲ್ಲಿ ಕಂಡದ್ದನ್ನು ಹೇಳಬೇಕು. ಸಿಲ್ವರ್ ಓಕ್ ಮರದ ಕೊಂಬೆ ಬಿದ್ದು ಫೈಬರ್ ತುಂಡಾಗಿತ್ತು. ಒಬ್ಬ ಹುಡುಗ ಕೊಡೆ ಹಿಡಿದು, ಎಳೆ ಬೆಸೆಯುವ ಯಂತ್ರಕ್ಕೆ ನೀರು ತಾಗದಂತೆ ಬಾಗಿ ನಿಂತಿದ್ದ. ಇನ್ನೊಬ್ಬ ಕೂದಲೆಳೆಯಂಥ ಗಾಜಿನ ಎಳೆಯ ಹೊದಿಕೆ ಸುಲಿದು, ಸ್ಪಿರಿಟ್ಟಿನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ ಯಂತ್ರದೊಳಗೆ ಇಟ್ಟ. ಪುಟ್ಟ ಪರದೆಯ ಮೇಲೆ ಎರಡು ತುದಿಗಳು ಎದುರುಬದುರಾದವು, ಕಿಡಿ ಹಾರಿತು, ಎಳೆ ಕೂಡಿಕೊಂಡಿತು. ಅಷ್ಟು ಹೊತ್ತೂ ಅವನ ಜೇಬಿನ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಕಾಲಿನ ಮೇಲೆ ಜಿಗಣೆ ಹತ್ತುತ್ತಿತ್ತು. ಈ ಕೆಲಸವನ್ನು ವರ್ಷಕ್ಕೆ ನಾಲ್ಕು ತಿಂಗಳು ಮಾಡಿಸಬಲ್ಲಿರಾದರೆ ಮಾತ್ರ ಕೈಹಾಕಿ. ನೀವು ಮಾರಲಿರುವುದು ಇಂಟರ್‌ನೆಟ್‌ಗಿಂತ ಹೆಚ್ಚಾಗಿ ಈ ದುಡಿಮೆಯನ್ನೇ.

ಇನ್ನೊಂದು ಸಂಗತಿಯನ್ನು ಕಂಪನಿಯವರಿಂದ ಬರಹದಲ್ಲೇ ಪಡೆಯಿರಿ: ನಿಮ್ಮ ಊರಿನ ಎಲ್ಲ ಗ್ರಾಹಕರಿಗೆ ಒಟ್ಟಾಗಿ ಎಷ್ಟು ಬ್ಯಾಂಡ್‌ವಿಡ್ತ್ ಕೊಡುತ್ತಾರೆ? ಇನ್ನೂರು ಮನೆಗಳಿಗೆ ತಲಾ 100 ಎಂಬಿಪಿಎಸ್ ಪ್ಲಾನ್ ಮಾರಿ ಹಿಂದಿನಿಂದ ಬರುವ ಲೈನ್ 1 ಜಿಬಿಪಿಎಸ್ (ಅಂದರೆ 1,000 ಎಂಬಿಪಿಎಸ್) ಮಾತ್ರ ಇದ್ದರೆ, ಮಾತು ಕೊಟ್ಟಿದ್ದರಲ್ಲಿ ಇಪ್ಪತ್ತನೇ ಒಂದು ಪಾಲು ಕೈಯಲ್ಲಿದೆ ಎಂದರ್ಥ. ಎಲ್ಲರೂ ಒಂದೇ ಹೊತ್ತಿನಲ್ಲಿ ಪೂರ್ತಿ ಬಳಸುವುದಿಲ್ಲವಾದ್ದರಿಂದ ಹಂಚಿಕೊಳ್ಳುವುದು ತಪ್ಪಲ್ಲ, ಎಲ್ಲ ಕಂಪನಿಗಳೂ ಹಾಗೆಯೇ ಮಾಡುತ್ತವೆ. ಆದರೆ ಹಂಚಿಕೆ ಅತಿಯಾದರೆ ರಾತ್ರಿ ಎಂಟರಿಂದ ಹತ್ತರವರೆಗೆ ವಿಡಿಯೊ ತಿರುಗುತ್ತಾ ನಿಲ್ಲುತ್ತದೆ, ಜನ ಬೈಯುವುದು ಎದುರಿಗೆ ಸಿಗುವ ನಿಮ್ಮನ್ನು. ಕೊನೆಯದಾಗಿ, ಒಪ್ಪಂದ ಮುರಿದರೆ ನೀವು ಹಣ ಹಾಕಿ ಎಳೆದ ಕೇಬಲ್ ಯಾರದು ಎಂಬ ಷರತ್ತನ್ನು ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.

ಪ್ರಶ್ನೆ: ಮಾದಾಪುರ ಸಮೀಪದ ನಮ್ಮ ಮನೆಗೆ ಸ್ಥಳೀಯ ಏಜೆಂಟರ ಮೂಲಕ ಬ್ರಾಡ್‌ಬ್ಯಾಂಡ್ ತೆಗೆದುಕೊಂಡೆವು. ರಿಯಾಯಿತಿ ಇದೆ ಎಂದಿದ್ದರಿಂದ ಒಂದು ವರ್ಷದ ಹಣ ಮೊದಲೇ ಕಟ್ಟಿದೆವು. ನಾಲ್ಕೇ ತಿಂಗಳಲ್ಲಿ ಲೈನ್ ಹೋಯಿತು, ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿದೆ. ಏಜೆಂಟರು ಫೋನ್ ಎತ್ತುವುದಿಲ್ಲ. ಕಂಪನಿಗೆ ಕೇಳಿದರೆ ‘ಅವರು ಈಗ ನಮ್ಮವರಲ್ಲ’ ಎನ್ನುತ್ತಾರೆ. ಮಗಳ ಓದಿಗೆ ತುಂಬಾ ತೊಂದರೆಯಾಗಿದೆ.

ಉತ್ತರ: ನಿಮ್ಮ ಪತ್ರ ಓದಿ ನೋವಾಯಿತು, ಏಕೆಂದರೆ ಕಂಪನಿಯವರು ಕೊಟ್ಟ ಉತ್ತರ ನ್ಯಾಯವಾದುದಲ್ಲ. ಏಜೆಂಟರು ಇಂದು ಕಂಪನಿಯವರಲ್ಲದಿರಬಹುದು. ನೀವು ಹಣ ಕಟ್ಟಿದ ದಿನ ಕಂಪನಿಯವರಾಗಿದ್ದರೇ ಎಂಬುದೇ ಪ್ರಶ್ನೆ. ಆಗಿದ್ದರೆ ಗ್ರಾಹಕರಾದ ನೀವು ಕಂಪನಿಯ ಗ್ರಾಹಕರು, ಏಜೆಂಟರನ್ನು ಬಿಟ್ಟ ಮಾತ್ರಕ್ಕೆ ಆ ಹೊಣೆ ಕಳಚಿಕೊಳ್ಳುವುದಿಲ್ಲ.

ಮೊದಲು ರಸೀದಿಯನ್ನು ತೆಗೆದು ನೋಡಿ. ಅದರಲ್ಲಿ ಕಂಪನಿಯ ಹೆಸರು, ಜಿಎಸ್‌ಟಿ ಸಂಖ್ಯೆ, ನಿಮ್ಮ ಗ್ರಾಹಕ ಸಂಖ್ಯೆ ಇದ್ದರೆ ನಿಮ್ಮ ಕೈ ಗಟ್ಟಿಯಾಗಿದೆ. ಬರಿಯ ಕೈಬರಹದ ಚೀಟಿ ಇದ್ದು, ಹಣ ಏಜೆಂಟರ ಸ್ವಂತ ಖಾತೆಗೆ ಯುಪಿಐ ಮೂಲಕ ಹೋಗಿದ್ದರೆ ಕೆಲಸ ಸ್ವಲ್ಪ ಕಷ್ಟ, ಆದರೂ ಬಿಡಬೇಡಿ: ಪಾವತಿಯ ಸ್ಕ್ರೀನ್‌ಶಾಟ್, ಏಜೆಂಟರು ಕಳಿಸಿದ ಸಂದೇಶಗಳು, ಪೆಟ್ಟಿಗೆಯ ಹಿಂಬದಿಯ ಸಂಖ್ಯೆಯ ಫೋಟೊ, ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ಪ್ಲಾನ್ ಯಾವ ದಿನಾಂಕದವರೆಗೆ ಇದೆ ಎಂಬ ಪುಟ, ಇವನ್ನೆಲ್ಲ ಒಟ್ಟುಮಾಡಿ. ಏಜೆಂಟರು ವರ್ಷದ ಹಣ ಪಡೆದು ಕಂಪನಿಗೆ ತಿಂಗಳು ತಿಂಗಳು ಕಟ್ಟುತ್ತಾ ಬಂದಿರುವ ಸಾಧ್ಯತೆಯೂ ಉಂಟು. ಹಾಗಿದ್ದರೆ ಅದು ಆ್ಯಪ್‌ನಲ್ಲೇ ತಿಳಿಯುತ್ತದೆ.

ನಂತರ ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ಡಾಕೆಟ್ ಸಂಖ್ಯೆ, ಅಂದರೆ ದೂರು ದಾಖಲಾದ ಸಂಖ್ಯೆ ಪಡೆಯಿರಿ. ಆ ಸಂಖ್ಯೆಯಿಲ್ಲದ ದೂರಿಗೆ ಮುಂದೆ ಬೆಲೆಯಿಲ್ಲ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಾವಳಿಯಂತೆ ಈ ಎರಡೂ ಹಂತಗಳನ್ನು ಕಂಪನಿ ಇಟ್ಟಿರಲೇಬೇಕು. ಟ್ರಾಯ್‌ಗೇ ನೇರವಾಗಿ ಬರೆಯೋಣವೆಂದು ಅನೇಕರು ಕೇಳುತ್ತಾರೆ, ಆದರೆ ಒಬ್ಬೊಬ್ಬ ಗ್ರಾಹಕರ ದೂರನ್ನು ಇತ್ಯರ್ಥ ಮಾಡುವ ಅಧಿಕಾರ ಅದಕ್ಕಿಲ್ಲ.

ಅಲ್ಲಿಯೂ ಆಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರವಾಣಿ ವ್ಯಾಜ್ಯಗಳು ಗ್ರಾಹಕರ ವೇದಿಕೆಗೆ ಬರುವುದಿಲ್ಲ ಎಂದು ಕೆಲವರು ಇಂದಿಗೂ ಹೇಳುತ್ತಾರೆ. 2009ರ ಒಂದು ತೀರ್ಪಿನಿಂದ ಹುಟ್ಟಿದ ಆ ಅಭಿಪ್ರಾಯಕ್ಕೆ 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ತೆರೆ ಎಳೆದು, ಅಂಥ ದೂರನ್ನು ಗ್ರಾಹಕರ ವೇದಿಕೆ ವಿಚಾರಿಸಬಹುದೆಂದು ಹೇಳಿತು. ಅಲ್ಲಿಗೆ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಮ್ಮೆ ಕರೆ ಮಾಡಿ ನೋಡಿ. ಮುಂದಿನ ಸಂಪರ್ಕಕ್ಕೆ ಮಾತ್ರ, ರಿಯಾಯಿತಿ ಎಷ್ಟೇ ಇರಲಿ, ತಿಂಗಳು ತಿಂಗಳು ಕಂಪನಿಯ ಆ್ಯಪ್‌ನಲ್ಲೇ ಹಣ ಕಟ್ಟಿ.

ಪ್ರಶ್ನೆ: ಭಾಗಮಂಡಲದಲ್ಲಿ ನಮ್ಮದು ಚಿಕ್ಕ ಅಂಗಡಿ. ತುಲಾ ಸಂಕ್ರಮಣದ ಹೊತ್ತಿಗೆ ಬರುವ ಯಾತ್ರಿಕರು ವೈಫೈ ಕೇಳುತ್ತಾರೆ. ಮನೆಯ ಬ್ರಾಡ್‌ಬ್ಯಾಂಡಿನ ಪಾಸ್‌ವರ್ಡ್ ಕೊಟ್ಟು ಹತ್ತು ಇಪ್ಪತ್ತು ರೂಪಾಯಿ ತೆಗೆದುಕೊಳ್ಳಬಹುದೇ?

ಉತ್ತರ: ಹಾಗೆ ಮಾಡಬೇಡಿ. ಮನೆಗೆಂದು ಪಡೆದ ಸಂಪರ್ಕವನ್ನು ಮರುಮಾರಾಟ ಮಾಡುವುದನ್ನು ಕಂಪನಿಯ ಷರತ್ತುಗಳು ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಪಾಸ್‌ವರ್ಡ್ ಬಳಸಿ ಯಾರಾದರೂ ವಂಚನೆ ಮಾಡಿದರೆ ಪೊಲೀಸರು ಹುಡುಕಿಕೊಂಡು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ನಿಮ್ಮಂಥ ಅಂಗಡಿಗಳಿಗಾಗಿಯೇ ಒಂದು ಸರಿಯಾದ ದಾರಿಯಿದೆ. ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಚಹಾದಂಗಡಿಯವರೂ ಪಬ್ಲಿಕ್ ಡೇಟಾ ಆಫೀಸ್ ಆಗಿ ವೈಫೈ ಮಾರಬಹುದು. ಅದಕ್ಕೆ ಪರವಾನಗಿ ಬೇಡ, ಸರ್ಕಾರಕ್ಕೆ ಶುಲ್ಕವೂ ಇಲ್ಲ. ಇಲಾಖೆಯಲ್ಲಿ ನೋಂದಾಯಿಸಿಕೊಂಡ ಅಗ್ರಿಗೇಟರ್ ಕಂಪನಿಯೊಂದರ ಜೊತೆ ನೀವು ಸೇರಿಕೊಳ್ಳಬೇಕು. ಬಳಸುವವರ ಗುರುತು ಪರಿಶೀಲನೆ ಮತ್ತು ಲೆಕ್ಕ ಅವರ ಕೆಲಸ, ವೈಫೈ ಪೆಟ್ಟಿಗೆ ಮತ್ತು ಸಂಪರ್ಕ ನಿಮ್ಮದು. ಇಂಥ ಅಂಗಡಿಗಳಿಂದ ಕಂಪನಿಗಳು ದೊಡ್ಡ ಸಂಸ್ಥೆಗಳಿಗೆ ಪ್ರತ್ಯೇಕವಾಗಿ ಕೊಡುವ ದುಬಾರಿ ಲೀಸ್ಡ್ ಲೈನಿನ ದರ ಕೇಳುತ್ತಿದ್ದುದೇ ಯೋಜನೆಗೆ ದೊಡ್ಡ ತೊಡಕಾಗಿತ್ತು. 2025ರ ಜೂನ್‌ನಲ್ಲಿ ಟ್ರಾಯ್ ಆದೇಶ ಹೊರಡಿಸಿ, 200 ಎಂಬಿಪಿಎಸ್‌ವರೆಗಿನ ಫೈಬರ್ ಪ್ಲಾನಿಗೆ ಮನೆಗಳ ದರದ ಎರಡು ಪಟ್ಟಿಗಿಂತ ಹೆಚ್ಚು ಪಡೆಯಬಾರದೆಂದು ಮಿತಿ ಹಾಕಿದೆ. ಜಾತ್ರೆಯ ನಾಲ್ಕು ದಿನಗಳ ಮೇಲೆ ಮಾತ್ರ ಲೆಕ್ಕ ಹಾಕಬೇಡಿ. ಮಳೆಗಾಲದ ಖಾಲಿ ತಿಂಗಳುಗಳಲ್ಲೂ ಆ ಪ್ಲಾನಿನ ಹಣ ಕಟ್ಟಬೇಕಾಗುತ್ತದೆ.

ಪ್ರಶ್ನೆ: ಸಿದ್ದಾಪುರದ ಕಾಫಿ ತೋಟವೊಂದರಲ್ಲಿ ನಾನು ಮೇಸ್ತ್ರಿ. ಅಸ್ಸಾಂನಿಂದ ಬಂದ ಕೆಲಸಗಾರರಿಗೆ ನನ್ನ ಹೆಸರಿನಲ್ಲೇ ಐದು ಸಿಮ್ ತೆಗೆದುಕೊಟ್ಟು, ರೀಚಾರ್ಜ್ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದೇನೆ. ಇದು ತಪ್ಪೇ?

ಉತ್ತರ: ಸಹಾಯ ಮಾಡುವ ಮನಸ್ಸಿನಿಂದಲೇ ಮಾಡಿದ್ದೀರಿ, ಆದರೆ ಇದನ್ನು ಬೇಗ ಸರಿಪಡಿಸಿ. ಒಬ್ಬರ ಹೆಸರಿನಲ್ಲಿ 9 ಸಿಮ್‌ಗಳವರೆಗೆ ಇರಬಹುದಾದರೂ ಅವು ನಿಮ್ಮ ಬಳಕೆಗೆ ಇರುವಂಥವು. ಆ ಐದು ನಂಬರುಗಳಿಂದ ನಡೆಯುವ ಎಲ್ಲಕ್ಕೂ ಮೊದಲು ನೀವೇ ಉತ್ತರಿಸಬೇಕಾಗುತ್ತದೆ. ಕೆಲಸಗಾರರಿಗೂ ನಷ್ಟವಿದೆ: ಅವರ ಬ್ಯಾಂಕ್ ಖಾತೆಯ ಒಟಿಪಿ ನಿಮ್ಮ ಹೆಸರಿನ ಸಿಮ್‌ಗೆ ಬರುತ್ತಿರುತ್ತದೆ, ಅವರು ಊರಿಗೆ ಹೋದ ಮೇಲೆ ಸಿಮ್ ಕಳೆದರೆ ಹೊಸದನ್ನು ಪಡೆಯಲು ಅವರಿಂದಾಗುವುದಿಲ್ಲ.

ಆಧಾರ್ ಇದ್ದರೆ ಬೇರೆ ರಾಜ್ಯದವರಿಗೂ ಇಲ್ಲಿಯೇ ಸಿಮ್ ಸಿಗುತ್ತದೆ. ಭಾನುವಾರದ ಸಂತೆಯ ದಿನ ಅವರನ್ನೇ ಕರೆದುಕೊಂಡು, ಕಂಪನಿಯಲ್ಲಿ ನೋಂದಾಯಿಸಿಕೊಂಡ ಅಂಗಡಿಗೆ ಹೋಗಿ. 2023ರಲ್ಲಿ ತಂದ ನಿಯಮದಂತೆ ನೋಂದಣಿಯಿಲ್ಲದ ಅಂಗಡಿಯಿಂದ ಸಿಮ್ ಮಾರಿಸಿದರೆ ಕಂಪನಿಗೆ ತಲಾ 10 ಲಕ್ಷ ರೂಪಾಯಿ ದಂಡವಿರುವುದರಿಂದ, ನೋಂದಣಿಯ ಬಗ್ಗೆ ಕೇಳಿದರೆ ಅಂಗಡಿಯವರು ಬೇಸರಪಡುವುದಿಲ್ಲ. ನಿಮ್ಮ ಹೆಸರಿನಲ್ಲಿ ಒಟ್ಟು ಎಷ್ಟು ನಂಬರುಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಿ, ನಿಮ್ಮದಲ್ಲದವನ್ನು ಅಲ್ಲಿಯೇ ಗುರುತಿಸಿ ತೆಗೆಸಬಹುದು. ಆದರೆ ಪ್ರತಿಯೊಬ್ಬ ಕೆಲಸಗಾರನೂ ತನ್ನ ಹೊಸ ನಂಬರನ್ನು ಬ್ಯಾಂಕಿಗೆ ಕೊಟ್ಟು, ಹೊಸದಕ್ಕೆ ಒಟಿಪಿ ಬಂದದ್ದನ್ನು ನೋಡಿದ ಮೇಲೆಯೇ ಹಳೆಯ ಸಿಮ್ ಮುಚ್ಚಿಸಿ.