ಸಂದರ್ಶಕರ ನೆರವಿಗೆ ಮಿತಿ ಎಲ್ಲಿ?

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿದ್ದೇನೆ. ನೌಕಾಪಡೆಯ ಅಧಿಕಾರಿಗಳನ್ನು ತಯಾರುಮಾಡುವ ಅನಾಪೊಲಿಸ್‌ನ ನೌಕಾ ಅಕಾಡೆಮಿಗೆ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳನ್ನು ಸಂದರ್ಶಿಸುವ ‘ಬ್ಲೂ ಅಂಡ್ ಗೋಲ್ಡ್’ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಈ ಸಲ ಕನ್ನಡ ಸಂಘದ ಗೆಳೆಯರೊಬ್ಬರ ಮಗಳು ಅರ್ಜಿ ಹಾಕಿದ್ದಾಳೆ. ಪ್ರಬಂಧ ತಿದ್ದಿಕೊಡಿ, ಸಂದರ್ಶನಕ್ಕೆ ತಾಲೀಮು ಮಾಡಿಸಿ ಎಂದು ಗೆಳೆಯರು ಒತ್ತಾಯಿಸುತ್ತಿದ್ದಾರೆ. ಎಷ್ಟರ ಮಟ್ಟಿಗೆ ನೆರವಾಗಬಹುದು?

ಉತ್ತರ: ಮೊದಲನೆಯದಾಗಿ, ಆ ಹುಡುಗಿಯ ಸಂದರ್ಶನವನ್ನು ನೀವು ಮಾಡಬೇಡಿ. ಹಬ್ಬಕ್ಕೆ ಒಬ್ಬರ ಮನೆಯಲ್ಲೊಬ್ಬರು ಊಟ ಮಾಡುವಷ್ಟು ಬಳಕೆಯಿದ್ದಾಗ ನೀವು ಎಷ್ಟೇ ಪ್ರಾಮಾಣಿಕವಾಗಿ ವರದಿ ಬರೆದರೂ ಅದಕ್ಕೆ ಬೆಲೆ ಉಳಿಯುವುದಿಲ್ಲ. ನಿಮ್ಮ ಪ್ರದೇಶದ ಸಂಯೋಜಕರಿಗೆ ಪರಿಚಯದ ಸಂಗತಿಯನ್ನು ತಿಳಿಸಿ, ಬೇರೊಬ್ಬರಿಗೆ ವಹಿಸುವಂತೆ ಕೋರಿರಿ.

ಮಾಹಿತಿ ಕೊಡುವುದರಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕಾಗಿಲ್ಲ. ಅಕಾಡೆಮಿಗೆ ಅರ್ಜಿ ಹಾಕಿದರಷ್ಟೇ ಸಾಲದು, ನಾಮನಿರ್ದೇಶನವೂ ಬೇಕು. ಅದಕ್ಕಾಗಿ ತಮ್ಮ ಕ್ಷೇತ್ರದ ಪ್ರತಿನಿಧಿಗೆ, ರಾಜ್ಯದ ಇಬ್ಬರು ಸೆನೆಟರ್‌ಗಳಿಗೆ, ಉಪಾಧ್ಯಕ್ಷರಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬಹುದು, ಮತ್ತು ಒಂದೊಂದು ಕಚೇರಿಗೂ ಅದರದೇ ಆದ ಗಡುವು ಇರುತ್ತದೆ. ಒಬ್ಬ ಸಂಸದರ ಲೆಕ್ಕದಲ್ಲಿ ಒಂದು ಕಾಲಕ್ಕೆ 5 ಜನರಷ್ಟೇ ಅಕಾಡೆಮಿಯಲ್ಲಿರಲು ಸಾಧ್ಯವಾದ್ದರಿಂದ ಒಂದೇ ಬಾಗಿಲು ತಟ್ಟಿ ಕೂರುವುದು ಜಾಣತನವಲ್ಲ. ಸೇನೆಯ ಹಿನ್ನೆಲೆಯ ಮನೆಗಳಲ್ಲಿ ಮಕ್ಕಳಿಗೆ ಮೊದಲೇ ಗೊತ್ತಿರುವ ಈ ಸಂಗತಿಗಳು ಸಾಫ್ಟ್‌ವೇರ್, ವೈದ್ಯಕೀಯ ಎಂದುಕೊಂಡೇ ಬಂದ ನಮ್ಮವರ ಮನೆಗಳಿಗೆ ತಲುಪುವುದು ತಡವಾಗಿ. ದೈಹಿಕ ಪರೀಕ್ಷೆಯೂ ಅಷ್ಟೇ: ಓಟ, ಪುಷ್‌ಅಪ್‌ಗಳಿಗೆ ತಯಾರಾದ ಮಕ್ಕಳು ಮೊಣಕಾಲೂರಿ ಬ್ಯಾಸ್ಕೆಟ್‌ಬಾಲ್ ಎಸೆಯುವ ಅಭ್ಯಾಸವನ್ನು ಮರೆತಿರುತ್ತಾರೆ. ಇವನ್ನೆಲ್ಲ ಹೇಳುವುದು ಪಕ್ಷಪಾತವಲ್ಲ. ಆದರೆ ಇವಳಿಗೆ ಹೇಳಿದ್ದನ್ನು ನಿಮ್ಮ ಪಟ್ಟಿಯ ಪ್ರತಿಯೊಬ್ಬರಿಗೂ ಹೇಳಿರಬೇಕು.

ಪ್ರಬಂಧದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅದನ್ನು ಶಾಲೆಯ ಇಂಗ್ಲಿಷ್ ಶಿಕ್ಷಕರು ನೋಡಲಿ. ತಾಲೀಮನ್ನೂ ಅಲ್ಲಿಯೇ ಯಾರಾದರೂ ಮಾಡಿಸಲಿ. ಅಂಕಗಳು ಪ್ರವೇಶ ಮಂಡಳಿಯ ಮುಂದೆ ಹೇಗೂ ಇರುತ್ತವೆ. ನಾಲ್ಕು ವರ್ಷದ ಓದಿನ ನಂತರ ಕನಿಷ್ಠ 5 ವರ್ಷ ಸಕ್ರಿಯ ಸೇವೆ ಸಲ್ಲಿಸಬೇಕಾದ ಬದುಕನ್ನು ಈ ಹುಡುಗಿ ತಾನಾಗಿ ಬಯಸಿದ್ದಾಳೆಯೇ, ಅಪ್ಪನ ಆಸೆಗೆ ತಲೆಯಾಡಿಸಿದ್ದಾಳೆಯೇ ಎಂಬುದು ಕಾಗದದಲ್ಲಿ ಕಾಣದು. ಅದನ್ನು ತಿಳಿಯಲೆಂದೇ ಸಂದರ್ಶಕರಿರುವುದು. ಉತ್ತರವನ್ನು ಸಂದರ್ಶಕರೇ ಬಾಯಿಪಾಠ ಮಾಡಿಸಿದರೆ ಮಂಡಳಿಗೆ ತಲುಪುವುದು ಅವರದೇ ಮಾತು.

ಇನ್ನೊಂದು ಎಚ್ಚರಿಕೆ. 13 ತುಂಬಿದ ಮೇಲೂ ಉಬ್ಬಸವಿದ್ದುದು ವೈದ್ಯಕೀಯ ತಪಾಸಣೆಯಲ್ಲಿ ಅನರ್ಹತೆಗೆ ಕಾರಣವಾಗಬಲ್ಲದು. ಅಂಥದ್ದೇನಾದರೂ ಇದ್ದು, “ಬರೆಯದಿದ್ದರೆ ಆಗದೇ?” ಎಂದು ತಂದೆತಾಯಿ ಕೇಳಿದರೆ ಹೂಂ ಅನ್ನಬೇಡಿ. ವಿನಾಯಿತಿ ಕೋರುವ ದಾರಿಯಿದೆ, ಮುಚ್ಚಿಟ್ಟಿದ್ದು ಹೊರಬಿದ್ದರೆ ಆ ದಾರಿಯೂ ಉಳಿಯದು.

ನಿಮ್ಮ ಗೆಳೆಯರಿಗೆ ಬೇಸರವಾಗಬಹುದು. ಹೊಸ ಸಂದರ್ಶಕರಿಗೆ ಮಗಳೇ ಇಮೇಲ್ ಬರೆಯಲಿ, ಸಂದರ್ಶನದ ಸಮಯವನ್ನು ಅವಳೇ ಗೊತ್ತುಮಾಡಿಕೊಳ್ಳಲಿ ಎಂದು ಅವರಿಗೆ ಈಗಲೇ ಹೇಳಿಬಿಡಿ.