ಟೆಲಿಕಾಂ ಓದಿದ ಎಂಜಿನಿಯರ್‌ಗಳು ಉಪಗ್ರಹ ದೂರಸಂವೇದಿ ಸಂಶೋಧನೆಗೆ ಹೋಗುವುದು ಯಾಕೆ?

ಎರಡೂ ಕಡೆ ಕೆಲಸ ಒಂದೇ, ಅದಕ್ಕೆ. ಗದ್ದಲದ ನಡುವೆ ಬಂದ ಸಿಗ್ನಲ್‌ನಿಂದ ಮಾಹಿತಿ ಹೆಕ್ಕಿ ತೆಗೆಯಬೇಕು. ದೂರಸಂವೇದಿ ಅಂದರೆ ನೆಲವನ್ನು ಮುಟ್ಟದೆ ದೂರದಿಂದಲೇ ಅಳೆಯುವುದು. ಹಾಗಾಗಿ ಕಾಲೇಜಿನಲ್ಲಿ ಆಂಟೆನಾ ಪಾಠ ಮಾಡುವವರೇ ಉಪಗ್ರಹ ಚಿತ್ರಗಳ ಮೇಲೂ ಸಂಶೋಧನೆ ಮಾಡುತ್ತಿರುತ್ತಾರೆ. ಗಣಿತ ಬಹುಪಾಲು ಅದೇ.

ದೊಡ್ಡ ವ್ಯತ್ಯಾಸ ಒಂದೇ. ಫೋನ್ ಕರೆಯಲ್ಲಿ ದಾರಿ ಮಧ್ಯೆ ಸಿಗ್ನಲ್ ಹೇಗೆ ಬದಲಾಯಿತು ಅನ್ನುವುದು ಬರೀ ತೊಂದರೆ, ಅದನ್ನು ತೆಗೆದು ಮಾತನ್ನಷ್ಟೇ ಉಳಿಸಿಕೊಳ್ಳಬೇಕು. ದೂರಸಂವೇದಿಯಲ್ಲಿ ಆ ಬದಲಾವಣೆಯೇ ನಮಗೆ ಬೇಕಾದ ಮಾಹಿತಿ!

ಯುರೋಪಿನ ಸೆಂಟಿನೆಲ್-1 ಉಪಗ್ರಹವನ್ನೇ ನೋಡಿ. ಸುಮಾರು 700 ಕಿ.ಮೀ. ಎತ್ತರದಿಂದ ಅದು ಸುಮಾರು 5.6 ಸೆಂ.ಮೀ. ತರಂಗಾಂತರದ ಮೈಕ್ರೋವೇವ್ ಅಲೆಗಳನ್ನು ಓರೆಯಾಗಿ ಕಳಿಸಿ, ವಾಪಸ್ ಬಂದದ್ದನ್ನು ಹಿಡಿಯುತ್ತದೆ. ನಿಂತ ನೀರು ಕನ್ನಡಿಯ ಹಾಗೆ ಅಲೆಯನ್ನು ಆಚೆಗೆ ತಳ್ಳಿಬಿಡುತ್ತದೆ, ಚಿತ್ರದಲ್ಲಿ ಅದು ಕಪ್ಪು. ಒರಟು ನೆಲ ಎಲ್ಲ ಕಡೆಗೂ ಚದುರಿಸುವುದರಿಂದ ಒಂದಿಷ್ಟು ಉಪಗ್ರಹಕ್ಕೆ ಮರಳುತ್ತದೆ, ಅಲ್ಲಿ ಬೆಳಕು ಜಾಸ್ತಿ. ಮೋಡ ಕವಿದ ರಾತ್ರಿಯಲ್ಲೂ ನೆರೆ ಎಲ್ಲಿವರೆಗೆ ಬಂದಿದೆ ಅಂತ ತಿಳಿಯುವುದು ಹೀಗೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಇನ್ನೊಂದಿದೆ. ಮಳೆ ಬಂದರೆ ಮೊಬೈಲ್ ಟವರ್‌ಗಳ ನಡುವಿನ ಮೈಕ್ರೋವೇವ್ ಸಿಗ್ನಲ್ ಕುಗ್ಗುತ್ತದೆ, ಅಲ್ವಾ? ಆ ಕುಗ್ಗುವಿಕೆಯನ್ನೇ ಅಳೆದು ಎಷ್ಟು ಮಳೆ ಬಿತ್ತು ಅಂತ ಲೆಕ್ಕ ಹಾಕುತ್ತಾರೆ.