ಮೇಜರ್ ಆಯ್ತು, ಮೈನರ್ ಯಾವುದು?

ಓದುಗರ ಪತ್ರ

ಸಂಪಾದಕರಿಗೆ ಶರಣು. ನಾನು ಆಳಂದ ತಾಲೂಕಿನ ಹಳ್ಳಿಯವಳು. ಹತ್ತನೇ ತರಗತಿ ತನಕ ಊರಿನ ಕನ್ನಡ ಶಾಲೆ, ಪಿಯುಸಿ ಸೈನ್ಸ್ (ಪಿಸಿಎಂಬಿ) ಕಲಬುರಗಿಯಲ್ಲಿ. ನೀಟ್ ಬರೆದೆ, ಸೀಟು ಸಿಗುವಂಥ ರ‍್ಯಾಂಕ್ ಬರಲಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿಯನ್ನೂ ಬರೆದಿದ್ದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಸಿಗುವ ಹಾಗಿದೆ, ನನಗೂ ಅದೇ ಇಷ್ಟ. ಆದರೆ ಅಲ್ಲಿ ಮೇಜರ್ (ಮುಖ್ಯ ವಿಷಯ), ಮೈನರ್ (ಜೊತೆಗೆ ಓದುವ ಎರಡನೇ ವಿಷಯ) ಅಂತಾರೆ. ಕಲಬುರಗಿಯ ಸರ್ಕಾರಿ ಕಾಲೇಜಿಗೆ ಸೇರುತ್ತಿರುವ ಗೆಳತಿಗೆ ಮೂರು ವಿಷಯ, ಮೂರೇ ವರ್ಷ ಅಂತ ಹೇಳಿದ್ದಾರೆ. ಕಾಕಾ ‘ಬಿ.ಎ. ಓದಿ ಏನ್ ಮಾಡ್ತಿ, ನರ್ಸಿಂಗ್ ಮಾಡು, ಇಲ್ಲಾಂದ್ರ ಬಿ.ಇಡಿ. ಮಾಡು’ ಅಂತಾರೆ. ಅಪ್ಪ ಏನೂ ಅನ್ನುವುದಿಲ್ಲ. ಮುಂದೆ ಏನಾಗಬೇಕು ಅನ್ನುವುದು ನನಗೇ ಇನ್ನೂ ಗೊತ್ತಿಲ್ಲ. ಮೈನರ್ ಯಾವುದು ತಗೊಳ್ಳಲಿ? ತಪ್ಪಾದರೆ ನಾಲ್ಕು ವರ್ಷ ಹಾಳಾಗುತ್ತದೆ ಅನ್ನುವ ಹೆದರಿಕೆ ಇದೆ.
– ಹೆಸರು ಹಾಕಬೇಡಿ ಎಂದು ಕೋರಿದ ವಿದ್ಯಾರ್ಥಿನಿ

ಸಂಪಾದಕರ ಉತ್ತರ

ತಂಗಿ, ಶರಣು. ನಿನ್ನ ಪತ್ರದಂಥವು ಪ್ರತಿ ವರ್ಷ ಜೂನ್ ಹೊತ್ತಿಗೆ ಬರುತ್ತವೆ. ಹೆಚ್ಚಿನವರು ಕೇಳುವುದು ‘ಯಾವುದಕ್ಕೆ ಸ್ಕೋಪ್ ಇದೆ’ ಎಂದು. ನೀನು ಮೈನರ್ ಬಗ್ಗೆ ಕೇಳಿದ್ದೀಯ. ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು ಅನ್ನಿಸಿತು, ಆದ್ದರಿಂದ ಈ ಸಲ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಮೊದಲು ನಿನ್ನ ಮತ್ತು ಗೆಳತಿಯ ನಡುವಿನ ಗೊಂದಲ. ನಿಮ್ಮಿಬ್ಬರಿಗೂ ಹೇಳಿದ್ದು ಸರಿಯೇ. ಕರ್ನಾಟಕ ಸರ್ಕಾರ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ತಂದಿತು, 2024-25ರಿಂದ ಅದನ್ನು ಕೈಬಿಟ್ಟು ಮೂರು ವರ್ಷ, ಮೂರು ವಿಷಯದ ಪದ್ಧತಿಗೆ ಮರಳಿತು. ಗುಲಬರ್ಗಾ ವಿಶ್ವವಿದ್ಯಾಲಯದ ಕಾಲೇಜುಗಳು ಆ ಲೆಕ್ಕದಲ್ಲಿ ನಡೆಯುತ್ತವೆ. ಕಡಗಂಚಿಯದು 2009ರಲ್ಲಿ ಹುಟ್ಟಿದ ಕೇಂದ್ರದ ವಿಶ್ವವಿದ್ಯಾಲಯ, ಅಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಾಲ್ಕು ವರ್ಷದ ಚೌಕಟ್ಟು. ಹೀಗೆ ಒಂದೇ ಜಿಲ್ಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ಪಿಯುಸಿ ಮುಗಿಸಿದ ಇಬ್ಬರು ಹುಡುಗಿಯರು ಎರಡು ಬೇರೆ ಪದ್ಧತಿಯ ಪದವಿ ಓದುತ್ತಾರೆ. ಇದನ್ನು ಪ್ರವೇಶದ ಕೌಂಟರಿನಲ್ಲಿ ಯಾರೂ ಕೂರಿಸಿಕೊಂಡು ವಿವರಿಸುವುದಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತುವ ಮಕ್ಕಳಿಗೆ ಇದು ಮಾಡುವ ತೊಂದರೆ ದೊಡ್ಡದು.

ಓದಿನ ಪ್ರಮಾಣ ಅಳೆಯುವ ಅಂಕಕ್ಕೆ ಕ್ರೆಡಿಟ್ ಅನ್ನುತ್ತಾರೆ. ಯುಜಿಸಿ ಚೌಕಟ್ಟಿನಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ಅದರಲ್ಲಿ ಮೇಜರ್‌ಗೆ ಕನಿಷ್ಠ 80, ಮೈನರ್‌ಗೆ ಕನಿಷ್ಠ 32. ಉಳಿದದ್ದು ಭಾಷೆ, ಕೌಶಲ, ಇಂಟರ್ನ್‌ಶಿಪ್ ಇತ್ಯಾದಿ. ಮೂರು ವರ್ಷಕ್ಕೆ 120 ಕ್ರೆಡಿಟ್ ಮುಗಿಸಿ ಪದವಿ ತೆಗೆದುಕೊಂಡು ಹೊರಬರಲೂಬಹುದು. ನಾಲ್ಕೂ ವರ್ಷ ಓದಿದರೆ ಮುಂದೆ ಎಂ.ಎ. ಒಂದೇ ವರ್ಷಕ್ಕೆ ಮುಗಿಸುವ ಅವಕಾಶವಿದೆ. ಮೊದಲ ವರ್ಷ ಮುಗಿದ ಮೇಲೆ ಮೇಜರ್ ಬದಲಾಯಿಸಲೂ ಚೌಕಟ್ಟಿನಲ್ಲಿ ದಾರಿ ಇಟ್ಟಿದ್ದಾರೆ. ಅಂದಮೇಲೆ ನಾಲ್ಕು ವರ್ಷ ಪೂರ್ತಿ ಹಾಳಾಗುವ ಭಯ ನಿನಗೆ ಬೇಕಿಲ್ಲ.

ಈಗ ಮುಖ್ಯ ಮಾತು. ಅರ್ಥಶಾಸ್ತ್ರ ಮೇಜರ್ ಆದರೆ ಮೈನರ್ ಸಂಖ್ಯಾಶಾಸ್ತ್ರ ಇರಲಿ. ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ಗಣಿತ. ಬೇರೆ ವಿಷಯಗಳು ಕಡಿಮೆ ಎಂದು ಈ ಮಾತು ಹೇಳುತ್ತಿಲ್ಲ. ಮುಂದೆ ಏನಾಗಬೇಕು ಎಂದು ಇನ್ನೂ ತೀರ್ಮಾನಿಸದ, ಪಿಯುಸಿಯಲ್ಲಿ ಗಣಿತ ಓದಿರುವ ನಿನ್ನಂಥವಳಿಗೆ ಹೆಚ್ಚು ದಾರಿಗಳನ್ನು ತೆರೆದಿಡುವ ಜೋಡಿ ಇದು.

ಯಾಕೆಂದು ನಿನ್ನ ಊರಿನ ಬೆಳೆಯಿಂದಲೇ ಹೇಳುತ್ತೇನೆ. ಅಪ್ಪನ ಹೊಲದ ಬಗ್ಗೆ ನೀನು ಬರೆದಿಲ್ಲ. ಆಳಂದ ತಾಲೂಕು ಅಂದಮೇಲೆ ನಿಮ್ಮದಲ್ಲದಿದ್ದರೆ ಪಕ್ಕದವರ ಹೊಲದಲ್ಲಾದರೂ ತೊಗರಿ ಇದ್ದೇ ಇರುತ್ತದೆ. ಜನವರಿಯಲ್ಲಿ ಚೀಲ ಹೇರಿಕೊಂಡು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಹೊರಡುವವರ ಜೊತೆ ಒಂದು ಸಲ ಹೋಗು. ಅಡತಿ (ದಲ್ಲಾಳಿ) ಅಂಗಡಿಯ ಮುಂದೆ ರಾಶಿ ಸುರುವಿರುತ್ತಾರೆ. ಖರೀದಿದಾರ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಆಡಿಸಿ ಹೊಟ್ಟು, ಕಲ್ಲು ನೋಡುತ್ತಾನೆ. ಒಂದು ಕಾಳು ಹಲ್ಲಿಗಿಟ್ಟು ಕಡಿದು ಹಸಿ ಎಷ್ಟಿದೆ ಅಂದಾಜು ಮಾಡುತ್ತಾನೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಾದರೆ ಈ ಕೆಲಸ ತೇವಾಂಶ ಅಳೆಯುವ ಯಂತ್ರದ್ದು. ಶೇ 12 ದಾಟಿತೋ, ಚೀಲ ಮರಳಿ ಗಾಡಿಗೆ. ರೇಟು ಕೂಗಿದ ಮೇಲೆ ರೈತನ ಮುಖ ನೋಡು. ಅಲ್ಲಿಂದ ನಿನ್ನ ಅರ್ಥಶಾಸ್ತ್ರ ಶುರುವಾಗುತ್ತದೆ.

ತೊಗರಿಯ ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಲ್‌ಗೆ 7,550 ರೂಪಾಯಿ, 2025-26ಕ್ಕೆ 8,000. ಆದರೂ ಗಂಜಿನ ರೇಟು ಅದಕ್ಕಿಂತ ಕೆಳಗೆ ಬೀಳುವ ದಿನಗಳಿರುತ್ತವೆ. ಯಾಕೆ? ‘ಹೊಸ ಮಾಲು ಒಮ್ಮೆಗೇ ಬಂತು’ ಎನ್ನುತ್ತಾನೆ ಅಡತಿಯವನು. ‘ಹೊರದೇಶದ ತೊಗರಿ ತರಿಸಿ ನಮ್ಮ ಹೊಟ್ಟೆ ಮೇಲೆ ಹೊಡೆದರು’ ಎನ್ನುತ್ತಾನೆ ರೈತ. ರೈತನ ಮಾತಿಗೂ ಆಧಾರವಿದೆ. 2016ರಲ್ಲಿ ಮೊಜಾಂಬಿಕ್ ಜೊತೆ ಬೇಳೆಕಾಳು ಆಮದಿನ ಒಪ್ಪಂದವಾಯಿತು, 2021ರ ಮೇ ತಿಂಗಳಲ್ಲಿ ತೊಗರಿ ಆಮದಿಗಿದ್ದ ಪ್ರಮಾಣದ ಮಿತಿಯನ್ನೇ ಕೇಂದ್ರ ತೆಗೆಯಿತು, ಮ್ಯಾನ್ಮಾರ್‌ನಿಂದಲೂ ಮಾಲು ಬರುತ್ತದೆ. ಇನ್ನೊಂದು ಕಡೆ 2022ರ ಹಂಗಾಮಿನಲ್ಲಿ ನೆಟೆ ರೋಗ ಬಿದ್ದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಹಾಗಾದರೆ ಒಂದು ವರ್ಷದ ಬೆಲೆಯಲ್ಲಿ ರೋಗದ ಪಾಲು ಎಷ್ಟು, ಆಮದಿನ ಪಾಲು ಎಷ್ಟು, ಆವಕ (ಮಾರುಕಟ್ಟೆಗೆ ಬಂದ ಮಾಲು) ಹೆಚ್ಚಿದ್ದರ ಪಾಲು ಎಷ್ಟು?

ಈ ಪ್ರಶ್ನೆಯನ್ನು ಸರಿಯಾಗಿ ಕೇಳಲು ಅರ್ಥಶಾಸ್ತ್ರ ಕಲಿಸುತ್ತದೆ. ಉತ್ತರ ತೆಗೆಯಲು ಸಂಖ್ಯಾಶಾಸ್ತ್ರ ಬೇಕು. ಎಪಿಎಂಸಿಗಳ ದಿನದಿನದ ಆವಕ ಮತ್ತು ಧಾರಣೆ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಅದನ್ನು ತೆಗೆದುಕೊಂಡು ಕೂತು ಒಂದು ಕಾರಣವನ್ನು ಇನ್ನೊಂದರಿಂದ ಬಿಡಿಸಿ ತೋರಿಸಬಲ್ಲವರು ನಮ್ಮ ಭಾಗದಲ್ಲಿ ತೀರ ಕಡಿಮೆ. ತೊಗರಿಯ ಕಣಜ ಎಂದು ಹೆಮ್ಮೆಪಡುತ್ತೇವೆ, 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ತೊಗರಿಯ ಲೆಕ್ಕ ಮಾತ್ರ ಬೆಂಗಳೂರು, ದೆಹಲಿಯವರು ಮಾಡಿ ನಮಗೆ ಹೇಳಬೇಕು. ಈ ಲೆಕ್ಕ ಮಾಡುವವರು ಈ ಮಣ್ಣಿನವರೇ ಆಗಬೇಕೆಂಬ ಆಸೆ ನನಗೆ ಬಹಳ ವರ್ಷಗಳಿಂದ ಇದೆ. ನಿನಗೆ ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಅದೂ ಒಂದು ಕಾರಣ.

ಕಾಕಾ ಕೇಳುವುದು ನೌಕರಿ, ಅದೂ ನ್ಯಾಯವೇ. ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇರಬೇಕು. ಅದನ್ನು ನಡೆಸುವುದು ಯುಪಿಎಸ್‌ಸಿ. ಎಸ್‌ಎಸ್‌ಸಿ (ಸಿಬ್ಬಂದಿ ನೇಮಕಾತಿ ಆಯೋಗ) ಮೂಲಕ ತುಂಬುವ ಕೇಂದ್ರದ ಜೂನಿಯರ್ ಸ್ಟಾಟಿಸ್ಟಿಕಲ್ ಆಫೀಸರ್ ಹುದ್ದೆಗೂ ಹಾಗೆಯೇ, ಇಲ್ಲವೇ ಹನ್ನೆರಡನೇ ತರಗತಿಯ ಗಣಿತದಲ್ಲಿ ಶೇ 60 ಇರಬೇಕು. ಇಂಡಿಯನ್ ಎಕನಾಮಿಕ್ ಸರ್ವಿಸ್‌ಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಕಡ್ಡಾಯ. ಹೆಸರುವಾಸಿ ಸಂಸ್ಥೆಗಳ ಎಂ.ಎ. ಪ್ರವೇಶ ಪರೀಕ್ಷೆಗಳಲ್ಲಿ ಗಣಿತ, ಸಂಖ್ಯಾಶಾಸ್ತ್ರದ ಪ್ರಶ್ನೆಗಳು ಇರುತ್ತವೆ. ಅರ್ಥಶಾಸ್ತ್ರವನ್ನು ಗಣಿತದ ಗಾಳಿ ಸೋಕದಂತೆ ಓದಿದ ಜಾಣ ಮಕ್ಕಳು ಅಲ್ಲಿ ಮುಗ್ಗರಿಸುತ್ತಾರೆ. ಬ್ಯಾಂಕು, ನಬಾರ್ಡ್, ಸಮೀಕ್ಷೆ ನಡೆಸುವ ಸಂಸ್ಥೆಗಳು, ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ, ಡೇಟಾ ಕೆಲಸ ಮಾಡುವ ಕಂಪನಿಗಳು, ಎಲ್ಲ ಕಡೆಯೂ ಈ ಜೋಡಿ ನಡೆಯುತ್ತದೆ. ಕೆಎಎಸ್, ಐಎಎಸ್‌ಗೆ ಯಾವ ಪದವಿಯಾದರೂ ಸಾಕು. ಆದರೆ ಅದೊಂದನ್ನೇ ನಂಬಿ ಧಾರವಾಡದಲ್ಲೋ ವಿಜಯಪುರದಲ್ಲೋ ರೂಮು ಮಾಡಿಕೊಂಡು, ಅಧಿಸೂಚನೆಗೆ ಕಾಯುತ್ತ ವಯಸ್ಸು ಕಳೆದವರನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಕೈಯಲ್ಲಿ ಒಂದು ವಿದ್ಯೆ ಇಟ್ಟುಕೊಂಡು ಆ ಪರೀಕ್ಷೆ ಬರೆಯುವುದು ಬೇರೆ.

ಬಿ.ಇಡಿ. ವಿಷಯ. ಮಾಮೂಲಿ ಎರಡು ವರ್ಷದ ಬಿ.ಇಡಿ.ಗೆ ಮೊದಲು ಪದವಿ ಬೇಕು. ಆದ್ದರಿಂದ ಕಾಕಾ ಹೇಳಿದ ದಾರಿಗೂ ನೀನು ಹಿಡಿದ ದಾರಿಗೂ ಈಗಲೇ ಜಗಳವಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಸರ್ಕಾರಿ ಶಾಲೆಯ ಶಿಕ್ಷಕರ ನೇಮಕದಲ್ಲಿ ಪದವಿಯಲ್ಲಿ ಯಾವ ಯಾವ ವಿಷಯ ಜೊತೆಯಾಗಿ ಓದಿದ್ದೀರಿ ಎಂದು ನೋಡುತ್ತಾರೆ. ಸಮಾಜ ವಿಜ್ಞಾನದ ಶಿಕ್ಷಕಿಯಾಗುವ ಆಸೆ ನಿನ್ನ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ನನ್ನ ಸಲಹೆ ಬದಲಾಗುತ್ತದೆ. ಆಗ ಮೈನರ್ ಇತಿಹಾಸ, ಭೂಗೋಳ ಅಥವಾ ರಾಜ್ಯಶಾಸ್ತ್ರ ಇರಲಿ. ಹಿಂದಿನ ನೇಮಕಾತಿಯ ಅಧಿಸೂಚನೆ ಇಳಿಸಿಕೊಂಡು ‘ವಿದ್ಯಾರ್ಹತೆ’ ಎಂಬ ಪುಟವನ್ನು ನೀನೇ ಓದು, ಬೇರೆಯವರು ಓದಿ ಹೇಳಿದ್ದನ್ನು ನಂಬಬೇಡ. ಪಿಯು ಉಪನ್ಯಾಸಕಿಯಾಗಲು ಎಂ.ಎ.ಯಲ್ಲಿ ಶೇ 55 ಮತ್ತು ಬಿ.ಇಡಿ. ಕೇಳುತ್ತಾರೆ. ಪದವಿ ಕಾಲೇಜಿಗಾದರೆ ಎಂ.ಎ. ಜೊತೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ. ಈ ಎರಡಕ್ಕೂ ಸಂಖ್ಯಾಶಾಸ್ತ್ರದ ಮೈನರ್ ಅಡ್ಡ ಬರುವುದಿಲ್ಲ.

ನರ್ಸಿಂಗ್ ಒಳ್ಳೆಯ ಕೆಲಸ, ಬೇಗ ಕೈಹಿಡಿಯುವ ಕೆಲಸ. ಆದರೆ ನಿನ್ನ ಪತ್ರದಲ್ಲಿ ಅದರ ಮೇಲೆ ಪ್ರೀತಿ ಎಲ್ಲೂ ಕಾಣಲಿಲ್ಲ. ರೋಗಿಯ ಹಾಸಿಗೆಯ ಪಕ್ಕ ರಾತ್ರಿ ಪಾಳಿ ಮಾಡುವ ಕೆಲಸಕ್ಕೆ ಮನಸ್ಸಿಲ್ಲದೆ ಹೋಗಬಾರದು.

ಸಂಖ್ಯಾಶಾಸ್ತ್ರ ನಿನಗೆ ಹಿಡಿಸುತ್ತದೋ ಇಲ್ಲವೋ ಎಂದು ಪ್ರವೇಶಕ್ಕೆ ಮುಂಚೆಯೇ ನೋಡಿಕೊಳ್ಳಬಹುದು. ಎನ್‌ಸಿಇಆರ್‌ಟಿಯ 11ನೇ ತರಗತಿಯ ಅರ್ಥಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರಕ್ಕೇ ಒಂದು ಪುಸ್ತಕವಿದೆ, ಫೋನಿನಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಸರಾಸರಿ, ಸಹಸಂಬಂಧದ ಅಧ್ಯಾಯಗಳ ಲೆಕ್ಕಗಳನ್ನು ಪೆನ್ನು ಹಿಡಿದು ಬಿಡಿಸು. ಕಷ್ಟವಾದರೆ ಪರವಾಗಿಲ್ಲ. ಕಷ್ಟವಾದರೂ ಮತ್ತೆ ಅದನ್ನೇ ತೆರೆಯಬೇಕು ಅನ್ನಿಸುತ್ತದೋ ನೋಡು. ಪುಸ್ತಕ ಕಂಡರೇ ಬೇಸರ ಬರುವಂತಿದ್ದರೆ ಒತ್ತಾಯ ಬೇಡ. ಭೂಗೋಳ ತೆಗೆದುಕೊಂಡು ನಕ್ಷೆಯ ತಂತ್ರಾಂಶ ಕಲಿತರೂ ಒಳ್ಳೆಯ ದಾರಿಯೇ. ಇಂಗ್ಲಿಷಿನ ಅಂಜಿಕೆ ಇದ್ದರೆ ಅದಕ್ಕೂ ಎನ್‌ಸಿಇಆರ್‌ಟಿಯ ಆ ಪುಸ್ತಕವೇ ಔಷಧಿ. ಪಿಯುಸಿಯಲ್ಲಿ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದಿ ದಾಟಿದವಳು ನೀನು. ಅರ್ಥವಾದದ್ದನ್ನು ಮೊದಲು ಕನ್ನಡದಲ್ಲಿ ಗೆಳತಿಗೆ ಹೇಳು, ಆಮೇಲೆ ಇಂಗ್ಲಿಷಿನಲ್ಲಿ ಬರೆ.

ಆ ಗೆಳತಿಗೂ ಒಂದು ಮಾತು. ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮೂರೂ ಒಟ್ಟಿಗೆ ಇರುವ ಕಾಂಬಿನೇಷನ್ ರಾಜ್ಯದ ಕೆಲವು ಕಾಲೇಜುಗಳಲ್ಲಿ ಇದೆ. ಅದು ಸಿಕ್ಕರೆ ಮೂರು ವರ್ಷದ ಪದವಿಯೂ ಯಾವುದಕ್ಕೂ ಕಡಿಮೆಯಲ್ಲ. ಮೂರಕ್ಕೂ ನಾಲ್ಕಕ್ಕೂ ನೀವಿಬ್ಬರು ಹೋಲಿಸಿಕೊಂಡು ಕೊರಗಬೇಡಿ.

ಹಣದ ಬಗ್ಗೆ ನೀನು ಕೇಳಿಲ್ಲ, ಆದರೂ ಅಪ್ಪನ ಮೌನದ ಹಿಂದೆ ಅದೇ ಇರಬಹುದು. ಕಡಗಂಚಿ ಆಳಂದ ರಸ್ತೆಯಲ್ಲೇ ಇದೆ. ಶಕ್ತಿ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿಗೆ ನಿನಗೆ ಟಿಕೆಟ್ ಇಲ್ಲ. ಮನೆಯಿಂದ ಓಡಾಡಲು ಆಗುತ್ತದೆಯೇ, ಹಾಸ್ಟೆಲ್ ಬೇಕೇ ಎಂದು ಬಸ್ಸಿನ ವೇಳೆ ನೋಡಿ ತೀರ್ಮಾನಿಸಿ. ಅಪ್ಪನಿಗೆ ಖರ್ಚಿನ ಚೀಟಿ ಬರೆದು ತೋರಿಸು, ಮಾತು ಹೊರಗೆ ಬರುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ 371(ಜೆ)ಯ ಅರ್ಹತಾ ಪ್ರಮಾಣಪತ್ರವನ್ನೂ ಈಗಲೇ ಮಾಡಿಸಿಟ್ಟುಕೋ, ಸಹಾಯಕ ಆಯುಕ್ತರ ಕಚೇರಿಯಿಂದ ಕೊಡುತ್ತಾರೆ. ನಮ್ಮ ಭಾಗದ ಸ್ಥಳೀಯ ವೃಂದದ ರಾಜ್ಯ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಬಿಗೆ ಶೇ 75, ಗ್ರೂಪ್ ಸಿಗೆ ಶೇ 80ರಷ್ಟು ನಮ್ಮವರಿಗೆ ಮೀಸಲು. ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಈ ಕಾಗದಕ್ಕೆ ಓಡಾಡುವ ಮಕ್ಕಳು ಬಹಳ. ಒಂದನೇ ತರಗತಿಯಿಂದ ಓದಿದ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಊರಿಗೆ ಹೋದಾಗ ತೆಗೆಸಿಕೊಂಡು ಬಾ.

ಕಡಗಂಚಿಗೆ ಪ್ರವೇಶಕ್ಕೆ ಹೋದ ದಿನ ಕೌಂಟರಿನಲ್ಲೇ ಫಾರಂ ತುಂಬಿ ಮುಗಿಸಬೇಡ. ಅರ್ಥಶಾಸ್ತ್ರ ವಿಭಾಗಕ್ಕೆ ಹೋಗಿ ಈ ವರ್ಷ ಯಾವ ಯಾವ ಮೈನರ್ ಕೊಡುತ್ತಿದ್ದಾರೆ, ಯಾವ ಸೆಮಿಸ್ಟರಿನಿಂದ ಶುರು, ತರಗತಿಯ ವೇಳೆ ಮೇಜರ್‌ಗೆ ಅಡ್ಡ ಬರುತ್ತದೆಯೇ ಎಂದು ಕೇಳು. ಎರಡನೇ ವರ್ಷದ ಒಬ್ಬ ಅಕ್ಕನನ್ನು ಹುಡುಕಿ ಅದೇ ಪ್ರಶ್ನೆ ಕೇಳು. ಕಾಕಾ ಅವರನ್ನು ಜೊತೆಗೆ ಕರೆದುಕೊಂಡು ಹೋಗು, ಅವರ ಪ್ರಶ್ನೆಗಳಿಗೂ ಅಲ್ಲೇ ಉತ್ತರ ಸಿಗಲಿ. ಅಲ್ಲಿ ಕೊಡುವ ಮೈನರ್ ಪಟ್ಟಿಯನ್ನು ನನಗೆ ಬರೆದು ಕಳಿಸು, ಅದರಲ್ಲಿ ಸಂಖ್ಯಾಶಾಸ್ತ್ರವೂ ಗಣಿತವೂ ಇಲ್ಲದಿದ್ದರೆ ಏನು ಮಾಡಬಹುದು ಎಂದು ಮುಂದಿನ ಸಂಚಿಕೆಯಲ್ಲಿ ನೋಡೋಣ.

– ಸಂಪಾದಕ